ನಿಲ್ಲಬೇಕಾದಲ್ಲಿ ನಿಲ್ಲುವ ಕಿರಣ



ಕ್ಯಾನ್ಸರಿನ ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ 'ಕರೆಂಟ್ ಕೊಡಿಸೋದು' ಅನ್ನುತ್ತಾರೆ. ರೋಗದ ಭಯದ ಜೊತೆಗೆ, ಪಕ್ಕದ ಒಳ್ಳೆಯ ಭಾಗವೂ ಸುಟ್ಟೀತೆಂಬ ಭಯ. ಸುಮ್ಮನೆ ಹುಟ್ಟಿದ ಭಯವಲ್ಲ ಅದು. ಎಕ್ಸ್-ರೇ ಎಂದರೆ ತೂತುಬಿದ್ದ ಕೊಡ ಹೊತ್ತು ನಡೆದಂತೆ. ಗಡ್ಡೆ ತಲುಪುವ ಮೊದಲೂ ಚೆಲ್ಲುತ್ತದೆ, ದಾಟಿದ ಮೇಲೂ ಚೆಲ್ಲುತ್ತದೆ.

ಬೇರೆ ದಾರಿ ಸೂಚಿಸಿದವರು ವೈದ್ಯರಲ್ಲ, ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವಿಲ್ಸನ್. ಲಾಸ್ ಅಲಮೋಸ್‌ನಲ್ಲಿ ಅಣುಬಾಂಬ್ ತಯಾರಿಸಿದ ತಂಡದವರು. 1945ರಲ್ಲಿ ಜರ್ಮನಿ ಸೋತಾಗಲೇ ಆ ಕೆಲಸ ಬಿಟ್ಟು ಹೊರಡಬೇಕಿತ್ತೆಂದು ಮುಂದೆ ಪರಿತಪಿಸಿದವರು. ಯುದ್ಧ ಮುಗಿದ ಮೇಲೆ ಹಾರ್ವರ್ಡ್‌ಗಾಗಿ ಸೈಕ್ಲೋಟ್ರಾನ್ ಯಂತ್ರದ ವಿನ್ಯಾಸಕ್ಕೆ ಕೂತರು. ಪ್ರೋಟಾನ್ ಕಣ ವೇಗ ಕಳೆದುಕೊಂಡಷ್ಟೂ ಹೆಚ್ಚು ಶಕ್ತಿ ಸುರಿಯುತ್ತದೆ. ಕೊನೆಯ ಹೆಜ್ಜೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸುರಿದು ಅಲ್ಲೇ ನಿಂತುಬಿಡುತ್ತದೆ. ಈ ಗುಣವನ್ನು ವಿಲಿಯಂ ಬ್ರಾಗ್ 1904ರ ಸುಮಾರಿಗೇ ಆಲ್ಫಾ ಕಣಗಳಲ್ಲಿ ಗುರುತಿಸಿದ್ದರು. ಆ ಕೊನೆಯ ಹೆಜ್ಜೆ ಗಡ್ಡೆಯೊಳಗೇ ಬೀಳುವಂತೆ ಮಾಡಿದರೆ? 1946ರಲ್ಲಿ 'ರೇಡಿಯಾಲಜಿ' ಪತ್ರಿಕೆಯಲ್ಲಿ ವಿಲ್ಸನ್ ಬರೆದ ಪುಟ್ಟ ಲೇಖನದ ತಿರುಳು ಇಷ್ಟೇ.

ಲೆಕ್ಕ ಸರಿಯಾಗಿತ್ತು. ಆದರೆ ಗಡ್ಡೆ ಮೈಯೊಳಗೆ ಕರಾರುವಾಕ್ಕಾಗಿ ಎಲ್ಲಿದೆ ಎಂದು ತೋರಿಸಲು ಆಗ ಸಿ.ಟಿ. ಸ್ಕ್ಯಾನ್ ಎಲ್ಲಿತ್ತು? ಗುರಿ ಕಾಣದೆ ಬಾಣ ಬಿಡುವ ಹಾಗಿಲ್ಲ. ಹೀಗಾಗಿ 1954ರಲ್ಲಿ ಬರ್ಕ್ಲಿಯಲ್ಲಿ ಮೊದಲ ರೋಗಿಗಳಿಗೆ ಪ್ರೋಟಾನ್ ಕೊಟ್ಟಾಗ ಆರಿಸಿಕೊಂಡದ್ದು ಪಿಟ್ಯುಟರಿ ಗ್ರಂಥಿಯನ್ನು. ತಲೆಬುರುಡೆಯ ತಳದ ಮೂಳೆಗುಳಿಯಲ್ಲಿ ಕೂತ ಈ ಗ್ರಂಥಿಯ ಜಾಗ ಮಾಮೂಲಿ ಎಕ್ಸ್-ರೇಯಲ್ಲೇ ತಿಳಿಯುತ್ತದೆ. ಹರಡಿದ ಸ್ತನ ಕ್ಯಾನ್ಸರಿಗೆ ಹಾರ್ಮೋನು ತಡೆಯುವ ಉಪಾಯ ಅದು. ಹಾರ್ವರ್ಡ್ ಸೈಕ್ಲೋಟ್ರಾನ್‌ನಲ್ಲೂ 1961ರಿಂದ ಚಿಕಿತ್ಸೆ ಶುರುವಾಯಿತು. ಅದು ಆಸ್ಪತ್ರೆಯಲ್ಲ, ಭೌತವಿಜ್ಞಾನದ ಪ್ರಯೋಗಾಲಯ. ರೋಗಿಯೇ ಯಂತ್ರದ ಬಳಿಗೆ ಹೋಗಬೇಕಿತ್ತು. 2002ರವರೆಗೆ ಹಾಗೆ ಹೋದವರು 9 ಸಾವಿರಕ್ಕೂ ಹೆಚ್ಚು!

ಅಮೆರಿಕದಲ್ಲಿ ಯಂತ್ರ ಆಸ್ಪತ್ರೆಗೆ ಬಂದದ್ದು 1990ರಲ್ಲಿ, ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾದಲ್ಲಿ. ಲೇಖನ ಬಂದು ಆಗಲೇ 44 ವರ್ಷ. ಯಂತ್ರ ಕಟ್ಟಿಕೊಟ್ಟದ್ದು ಫರ್ಮಿಲ್ಯಾಬ್. ಅದರ ಮೊದಲ ನಿರ್ದೇಶಕರು ಇದೇ ವಿಲ್ಸನ್. 2000ದಲ್ಲಿ ಅವರು ತೀರಿಕೊಂಡರು.

ನಮ್ಮ ದೇಶದಲ್ಲಿ 2019ರಲ್ಲಿ ಚೆನ್ನೈಯ ಖಾಸಗಿ ಆಸ್ಪತ್ರೆಯೊಂದು, 2023ರಲ್ಲಿ ನವಿ ಮುಂಬೈನ ಖಾರ್ಘರ್‌ನಲ್ಲಿ ಟಾಟಾ ಮೆಮೋರಿಯಲ್ ಸಂಸ್ಥೆ ಪ್ರೋಟಾನ್ ಚಿಕಿತ್ಸೆ ಆರಂಭಿಸಿದವು. ಬಲು ದುಬಾರಿ ಯಂತ್ರವಿದು. ಎಲ್ಲ ಗಡ್ಡೆಗೂ ಇದೇ ಬೇಕೆಂದಿಲ್ಲ, ಎಷ್ಟೋ ಸಲ ಮಾಮೂಲಿ ಕರೆಂಟೇ ಸಾಕು. ಆದರೆ ಮಗುವಿನ ಬೆನ್ನುಹುರಿಗೆ ಕರೆಂಟ್ ಕೊಡಬೇಕಾದಾಗ, ಮುಂದಿರುವ ಎದೆ, ಹೊಟ್ಟೆಗಳನ್ನು ಮುಟ್ಟದೆ ಅಲ್ಲೇ ನಿಲ್ಲುವ ಕಿರಣವಿದೆ.