ಕಂಬಳಿ ಹಣ್ಣಿಗೆ ನಮ್ಮೂರಲ್ಲಿ ಸಿಹಿತಿಂಡಿ ಯಾಕಿಲ್ಲ?

ಶಿಡ್ಲಘಟ್ಟ, ಚಿಂತಾಮಣಿ ಕಡೆ ಬೆಳೆದವರಿಗೆ ಕಂಬಳಿ ಹಣ್ಣಿನ ಪರಿಚಯ ಮಾಡಿಕೊಡಬೇಕಿಲ್ಲ. ಪುಸ್ತಕದಲ್ಲಿ ಅದು ಹಿಪ್ಪುನೇರಳೆ. ಸ್ಕೂಲಿಂದ ಬರುವಾಗ ಬದುವಿನ ಮೇಲೆ ಕತ್ತರಿಸದೆ ಬಿಟ್ಟ ಗಿಡ ಹುಡುಕಿ, ಬಾಯಿ, ಬೆರಳು, ಬಿಳಿ ಅಂಗಿ ಎಲ್ಲ ನೇರಳೆ ಬಣ್ಣ ಮಾಡಿಕೊಂಡು ಮನೇಲಿ ಬೈಸಿಕೊಂಡವರು ನಾವು. ಆದರೆ ಈ ಹಣ್ಣಿನಿಂದ ನಮ್ಮಜ್ಜಿಯರು ಮಾಡುತ್ತಿದ್ದ ಒಂದು ಸಿಹಿಯ ಹೆಸರು ಹೇಳಿ ನೋಡೋಣ. ಎಲಚಿ ಹಣ್ಣನ್ನಾದರೂ ಬೆಲ್ಲ ಹಾಕಿ ಕುಟ್ಟಿ, ವಡೆ ತಟ್ಟಿ ಒಣಗಿಸುತ್ತಿದ್ದರು. ಊರ ಸುತ್ತ ತೋಟವೇ ಇರುವ ಕಂಬಳಿಗೆ ಏನೂ ಇಲ್ಲ.

ಈ ಗಿಡ ನಮ್ಮ ನಾಡಿಗೆ ಸೊಪ್ಪಿಗಾಗಿಯೇ ಬಂತು. 1786ರ ಸೆಪ್ಟೆಂಬರಿನಲ್ಲಿ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಒಂದು ಪತ್ರ ಬರೆಸುತ್ತಾನೆ. ರೇಷ್ಮೆ ಹುಳು ತರಲು ಬಂಗಾಳಕ್ಕೆ ಹೋಗಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ವಾಪಸಾಗುತ್ತಿದ್ದಾರೆ, ಹುಳು ಎಲ್ಲಿಡಬೇಕು ಎಂದು ಅವರನ್ನೇ ಕೇಳಿ ತಿಳಿದುಕೊಳ್ಳಿ, ಮೇವಿಗೆ ಸೊಪ್ಪು ಒದಗಿಸಿ ಎಂಬುದು ಅದರ ಸಾರ.

ಬೇರೆ ದೇಶಗಳಲ್ಲಿ ಹೀಗಾಗಲಿಲ್ಲ. ಅಫ್ಘಾನಿಸ್ತಾನದಲ್ಲಿ ಒಣಗಿದ ಕಂಬಳಿ ಹಣ್ಣು ಕುಟ್ಟಿ ತಲ್ಖಾನ್ ಮಾಡುತ್ತಾರೆ. ಟರ್ಕಿಯಲ್ಲಿ ರಸ ಬತ್ತಿಸಿ, ನಮ್ಮ ಜೋನಿ ಬೆಲ್ಲದಂಥ ಪೆಕ್ಮೆಜ್ ಮಾಡುತ್ತಾರೆ. ಅಲ್ಲಿ ಅದು ಮರ. ಕೆಳಗೆ ಬಟ್ಟೆ ಹಾಸಿ ಕೊಂಬೆ ಅಲ್ಲಾಡಿಸಿದರೆ ರಾಶಿ ಹಣ್ಣು. ನಮ್ಮಲ್ಲಿ ಸೊಂಟದೆತ್ತರಕ್ಕೆ ಕತ್ತರಿಸಿ ಕತ್ತರಿಸಿ ಸಾಲು ಗಿಡ ಮಾಡಿಟ್ಟಿದ್ದೇವೆ. 1997ರಲ್ಲಿ ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯ ವಿ-1 ತಳಿ ಬಂದ ಮೇಲಂತೂ ಸೊಪ್ಪು ಇನ್ನೂ ಅಗಲ, ಇನ್ನೂ ದಪ್ಪ. ವರ್ಷಕ್ಕೆ ನಾಲ್ಕೈದು ಬೆಳೆ ತೆಗೆಯುವ ತೋಟದಲ್ಲಿ ಹಣ್ಣು ಕಪ್ಪಾಗುವ ತನಕ ಕಾಯುವವರು ಯಾರು?

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ ಅನ್ನಿಸುತ್ತದೆ ನಮಗೆ. ತೋಟದ ತುಂಬ ಹಣ್ಣಾಗಿದೆ ಎಂದರೆ ಆ ಮನೆಯಲ್ಲಿ ಹುಳು ಇಟ್ಟಿಲ್ಲ ಎಂದು ಅರ್ಥ. ಒಂದೋ ಬೋರ್‌ವೆಲ್ ಬತ್ತಿದೆ, ಇಲ್ಲ ಸಾಲ ಏರಿದೆ, ಇಲ್ಲ ಗೂಡಿನ ರೇಟು ಬಿದ್ದಿದೆ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಯಿತು. ಚೀನಾ ರೇಷ್ಮೆ ಅಗ್ಗವಾಯಿತು, ಇಲ್ಲಿ ಗೂಡಿನ ಬೆಲೆ ಕುಸಿಯಿತು. ಆ ವರ್ಷ ನಮ್ಮೂರಲ್ಲಿ ಚಂದ್ರಂಕಿಗಳು ಗೋಡೆಗೆ ಒರಗಿದ್ದವು, ತೋಟಗಳು ಕಪ್ಪಗೆ ಹಣ್ಣಾಗಿದ್ದವು. ಮಕ್ಕಳಿಗೆ ಹಬ್ಬ. ದೊಡ್ಡವರು ಆ ಕಡೆ ಕಣ್ಣೆತ್ತಿ ನೋಡಲಿಲ್ಲ. ಅಂಥ ಹಣ್ಣನ್ನು ಒಲೆಯ ಮೇಲಿಟ್ಟು ಪಾಯಸ ಮಾಡಲು ಯಾವ ತಾಯಿಗೆ ಮನಸ್ಸು ಬರುತ್ತದೆ?

ಹೋದ ತಿಂಗಳು ನಾವೇ ಒಂದು ಕೈ ನೋಡಿದೆವು. ಪಕ್ಕದಲ್ಲಿ ಟೊಮೆಟೊ, ದ್ರಾಕ್ಷಿಗೆ ಔಷಧಿ ಹೊಡೆಯದ ಜಾಗ ನೋಡಿ ಎರಡು ಲೋಟ ಹಣ್ಣು ಕಿತ್ತೆವು. (ಔಷಧಿ ಗಾಳಿ ತಗುಲಿದ ಸೊಪ್ಪು ತಿಂದರೆ ಹುಳುವೇ ಸಾಯುತ್ತದೆ, ನೀವೂ ನೋಡಿಕೊಂಡು ಕೀಳಿ.) ಹಣ್ಣಿನೊಳಗೆ ಹೋಗಿರುವ ಹಸಿರು ತೊಟ್ಟು ಬಿಡಿಸುವುದೇ ಅರ್ಧ ಗಂಟೆ. ಚಿರೋಟಿ ರವೆ, ಮೊಸರು, ಬೆಲ್ಲ, ಚಿಟಿಕೆ ಸೋಡಾ ಕಲಸಿ, ಕುಕ್ಕರಿನ ತಳಕ್ಕೆ ಮರಳು ಹಾಕಿ, ವಿಷಲ್ಲು, ಗ್ಯಾಸ್ಕೆಟ್ ತೆಗೆದು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಇಟ್ಟೆವು. ಮೊದಲ ಸಲ ಸೋಡಾ ಜಾಸ್ತಿಯಾಗಿ ಕೇಕು ಬೂದಿ ಬಣ್ಣಕ್ಕೆ ತಿರುಗಿತು. ಎರಡನೇ ಸಲ ಸೋಡಾ ಇಳಿಸಿ ಮೊಸರು ಏರಿಸಿದೆವು. ಒಳಗೆಲ್ಲ ಕೆಂಪು ಕಲೆ, ತುಸು ಹುಳಿ, ಚೆನ್ನಾಗಿತ್ತು.

ಪಕ್ಕದ ಮನೆ ಅಜ್ಜಿಗೂ ಒಂದು ತುಂಡು ಕೊಟ್ಟೆವು. ತಿಂದು, ಬೆರಳು ಒರೆಸಿಕೊಂಡು ಕೇಳಿದ್ದು ಒಂದೇ ಮಾತು: ‘ಇಷ್ಟು ಹಣ್ಣು ಯಾರ ತೋಟದ್ದಪ್ಪಾ? ಅವರು ಈ ಸಲ ಹುಳು ಇಡಲಿಲ್ವಾ?’