ಶ್ವಾಸನಾಳದ ಉರಿಯೂತ: ಚಿಕಿತ್ಸೆ ನಡೆದು ಬಂದ ದಾರಿ

ಶ್ವಾಸನಾಳಗಳ ಒಳಪದರ ಊದಿಕೊಂಡು, ಕಫ ಕಟ್ಟಿ, ಕೆಮ್ಮು ಬಿಡದೆ ಕಾಡುವ ಕಾಯಿಲೆಗೆ ಬ್ರಾಂಕೈಟಿಸ್ ಎಂದು ಹೆಸರಿಟ್ಟವನು ಇಂಗ್ಲೆಂಡಿನ ವೈದ್ಯ ಚಾರ್ಲ್ಸ್ ಬ್ಯಾಡಮ್, 1808ರಲ್ಲಿ. ಹೆಸರು ಹೊಸತು, ಚಿಕಿತ್ಸೆ ಮಾತ್ರ ಹಳೆಯದೇ: ರಕ್ತ ತೆಗೆಯುವುದು, ವಾಂತಿ ಮಾಡಿಸುವುದು, ಅಫೀಮು ಕೊಡುವುದು. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಸ್ಟೆತಸ್ಕೋಪ್ ರೂಪಿಸಿದ ಮೇಲೆ ಕ್ಷಯ, ನ್ಯುಮೋನಿಯಾ, ಬ್ರಾಂಕೈಟಿಸ್‌ಗಳನ್ನು ಎದೆಯ ಸದ್ದಿನಿಂದ ಬೇರೆ ಮಾಡಿ ನೋಡುವುದು ಸಾಧ್ಯವಾಯಿತು.

ಭಾರತದಲ್ಲಿ ಕೆಮ್ಮಿಗೆ ಆಡುಸೋಗೆಯ ಕಷಾಯ ಬಹುಕಾಲದ ರೂಢಿ. ಅದರ ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಅಂಶದ ಮಾದರಿಯಲ್ಲೇ ಕಳೆದ ಶತಮಾನದಲ್ಲಿ ಬ್ರೋಮ್‌ಹೆಕ್ಸಿನ್ ತಯಾರಾಯಿತು. ಅದರಿಂದ ಬಂದದ್ದು ಆ್ಯಂಬ್ರಾಕ್ಸಾಲ್. ಇವು ಕಫವನ್ನು ಸಡಿಲಿಸುತ್ತವೆ, ಕಾಯಿಲೆಯ ಬುಡಕ್ಕೆ ಕೈ ಹಾಕುವುದಿಲ್ಲ.

ನೆಗಡಿಯ ಬೆನ್ನಿಗೇ ಬರುವ ತೀವ್ರ ಬ್ರಾಂಕೈಟಿಸ್‌ಗೆ ಬಹುಪಾಲು ವೈರಸ್‌ಗಳೇ ಕಾರಣ. ಆ್ಯಂಟಿಬಯಾಟಿಕ್‌ಗಳು ಬಂದ ಮೇಲೆ ಇದಕ್ಕೂ ಅವನ್ನೇ ಬರೆದುಕೊಡುವುದು ವಾಡಿಕೆಯಾಯಿತು. ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗ ಕೆಮ್ಮು ಅರ್ಧ ದಿನದಷ್ಟು ಬೇಗ ಕಡಿಮೆಯಾದದ್ದೇ ಅವುಗಳ ಲಾಭ. ಕೆಮ್ಮು ಎರಡು ಮೂರು ವಾರ ಇರುತ್ತದೆ ಎಂದು ರೋಗಿಗೆ ಮೊದಲೇ ತಿಳಿಸುವುದು ಅನೇಕ ಮಾತ್ರೆಗಳಿಗಿಂತ ಒಳ್ಳೆಯ ಚಿಕಿತ್ಸೆ. ಕಫದಲ್ಲಿ ರಕ್ತ, ಇಳಿಯದ ಜ್ವರ, ಏದುಸಿರು ಕಂಡರೆ ಮಾತ್ರ ಕಾಯುತ್ತ ಕೂರಬಾರದು.

ದೀರ್ಘಕಾಲದ ಬ್ರಾಂಕೈಟಿಸ್‌ನ ಕಥೆಯಲ್ಲಿ ಹೊಗೆಯೇ ಮುಖ್ಯ. 1952ರ ಡಿಸೆಂಬರಿನಲ್ಲಿ ಲಂಡನ್ನಿಗೆ ಕವಿದ ಕಲ್ಲಿದ್ದಲ ಹೊಗೆಮಂಜಿಗೆ ಸಾವಿರಾರು ಜನ ಸತ್ತರು. 1956ರಲ್ಲಿ ಶುದ್ಧ ಗಾಳಿಯ ಕಾಯಿದೆ ಬಂತು. ಎರಡು ವರ್ಷ ಸತತವಾಗಿ, ವರ್ಷಕ್ಕೆ ಮೂರು ತಿಂಗಳಾದರೂ ಕಫದ ಕೆಮ್ಮಿದ್ದರೆ ಅದು ದೀರ್ಘಕಾಲದ್ದು ಎಂಬ ವ್ಯಾಖ್ಯೆಯೂ ಬ್ರಿಟನ್ನಿನಲ್ಲೇ 1960ರ ದಶಕದಲ್ಲಿ ಗಟ್ಟಿಯಾಯಿತು. ಸಿಗರೇಟು ಬಿಟ್ಟರೆ ಶ್ವಾಸಕೋಶದ ಸವೆತ ನಿಧಾನವಾಗುತ್ತದೆಂದು ಫ್ಲೆಚರ್ ಮತ್ತು ಪೀಟೊ 1977ರಲ್ಲಿ ತೋರಿಸಿದರು. ಇಂದಿಗೂ ಅದಕ್ಕೆ ಸಮನಾದ ಔಷಧವಿಲ್ಲ.

ಭಾರತದ ಅನುಭವ ಇನ್ನೊಂದು ಮುಖವನ್ನು ತೋರಿಸಿತು. ಶ್ವಾಸಕೋಶದ ಕಾಯಿಲೆಯಿಂದ ಹೃದಯ ಸೋತ ದೆಹಲಿಯ ರೋಗಿಗಳನ್ನು ಕುರಿತು ಡಾ. ಎಸ್. ಪದ್ಮಾವತಿ ಮತ್ತು ಸಂಗಡಿಗರು 1959ರಲ್ಲಿ ಬರೆದರು. ಧೂಮಪಾನ ಮಾಡದ ಹೆಂಗಸರೂ ಅವರಲ್ಲಿದ್ದರು. ಊದುಕೊಳವೆ ಹಿಡಿದು ಸೌದೆ, ಬೆರಣಿಯ ಒಲೆಯ ಮುಂದೆ ಬಾಗಿ ಕೂತವರ ಎದೆಗೆ ಹೋದ ಹೊಗೆಯನ್ನು ವೈದ್ಯಲೋಕ ಬೀಡಿಯ ಹೊಗೆಯಷ್ಟೇ ಗಂಭೀರವಾಗಿ ಎಣಿಸಲು ಅನ್ಯಾಯವೆನ್ನುವಷ್ಟು ತಡಮಾಡಿತು. ಹಳ್ಳಿಗಳಲ್ಲಿ ಅಡುಗೆ ಅನಿಲವೂ ಚಿಕಿತ್ಸೆಯ ಭಾಗವೇ.

ಔಷಧಗಳಲ್ಲಿ ದೊಡ್ಡ ತಿರುವು ತಂದದ್ದು 1956ರ ಒತ್ತುವ ಇನ್ಹೇಲರ್ ಮತ್ತು ಶ್ವಾಸನಾಳ ಹಿಗ್ಗಿಸುವ 1969ರ ಸಾಲ್ಬುಟಮಾಲ್. ಮುಂದೆ ದಿನವಿಡೀ ನಾಳ ತೆರೆದಿಡುವ ಟಯೋಟ್ರೋಪಿಯಂನಂಥವು ಬಂದವು. ರಕ್ತದಲ್ಲಿ ಆಮ್ಲಜನಕ ತೀರ ಕಡಿಮೆಯಿದ್ದವರಿಗೆ ದಿನಕ್ಕೆ 15 ಗಂಟೆಯಾದರೂ ಆಮ್ಲಜನಕ ಕೊಟ್ಟರೆ ಆಯಸ್ಸು ಹೆಚ್ಚುತ್ತದೆಂದು 1980-81ರ ಎರಡು ಪ್ರಯೋಗಗಳಿಂದ ತಿಳಿಯಿತು. ಫ್ಲೂ ಮತ್ತು ನ್ಯುಮೋಕಾಕಸ್ ಲಸಿಕೆ, ಉಸಿರಾಟದ ವ್ಯಾಯಾಮ, ನಡಿಗೆ ಈಗಿನ ಆರೈಕೆಯಲ್ಲಿ ಸೇರಿವೆ.

ಇಷ್ಟಾದರೂ ಇನ್ಹೇಲರ್ ತಪ್ಪಾಗಿ ಬಳಸಿ ಮದ್ದನ್ನು ಗಂಟಲಲ್ಲೇ ಉಳಿಸಿಕೊಳ್ಳುವವರು ಬಹಳ. ಡಬ್ಬಿ ಕುಲುಕಿ, ಉಸಿರು ಪೂರ್ತಿ ಹೊರಬಿಟ್ಟು, ಒತ್ತುತ್ತಲೇ ನಿಧಾನವಾಗಿ ಎಳೆದುಕೊಂಡು, 10 ಸೆಕೆಂಡು ಉಸಿರು ಹಿಡಿಯಬೇಕು. ಕೈ, ಉಸಿರು ಕೂಡಿಬರದಿದ್ದರೆ ಮದ್ದನ್ನು ಹಿಡಿದಿಡುವ ಕೊಳವೆಯಾದ ಸ್ಪೇಸರ್ ಜೋಡಿಸಬೇಕು.