ನೋಡಿಕೊಳ್ಳುವವನ ಹೆಸರು

ಅಣ್ಣಾ ನಗರದ ಬೀದಿಗಳಲ್ಲಿ ಓಡಾಡುವ ಆಟೋಗಳ ಹಿಂಬದಿಯಲ್ಲಿ, ಸಣ್ಣಪುಟ್ಟ ಅಂಗಡಿಗಳ ಫಲಕಗಳಲ್ಲಿ ತಮಿಳು ಲಿಪಿಯ ಒಂದು ಹೆಸರು ಆಗಾಗ ಕಣ್ಣಿಗೆ ಬೀಳುತ್ತದೆ: ‘ಯೇಹೋವಾ ಯೀರೇ’. ಮಾತು ತಮಿಳಿನದಲ್ಲ, ಹೀಬ್ರೂ ಭಾಷೆಯದು. ಕ್ರೈಸ್ತ ನೆರೆಯವರನ್ನು ಕೇಳಿದರೆ ‘ದೇವರು ಒದಗಿಸುತ್ತಾನೆ’ ಎಂದು ಅರ್ಥ ಹೇಳುತ್ತಾರೆ. ಅರ್ಥ ಸರಿಯೇ. ಆದರೆ ಮೂಲದಲ್ಲಿರುವ ‘ರಾಆ’ ಎಂಬ ಧಾತುವಿನ ಅರ್ಥ ಒದಗಿಸುವುದಲ್ಲ, ನೋಡುವುದು. ‘ಯೀರೆ’ ಎಂದರೆ ‘ನೋಡುವನು’. ನೋಡುವವನು ಒದಗಿಸುವವನಾದದ್ದು ಹೇಗೆ?

ಹೆಸರು ಬರುವುದು ಬೈಬಲ್ಲಿನ ಆದಿಕಾಂಡದ 22ನೆಯ ಅಧ್ಯಾಯದಲ್ಲಿ. ಮಗ ಇಸಾಕನನ್ನು ಬಲಿ ಕೊಡಲೆಂದು ಅಬ್ರಹಾಮ ಮೋರೀಯ ಸೀಮೆಯ ಬೆಟ್ಟವೊಂದನ್ನು ಏರುತ್ತಿದ್ದಾನೆ. ಕಟ್ಟಿಗೆ ಇದೆ, ಬೆಂಕಿ ಇದೆ, ಬಲಿಯ ಕುರಿ ಎಲ್ಲಿ ಎಂದು ಹುಡುಗ ಕೇಳುತ್ತಾನೆ. ಅದನ್ನು ದೇವರೇ ನೋಡಿಕೊಳ್ಳುವನೆಂದು ತಂದೆ ಉತ್ತರಿಸುತ್ತಾನೆ. ಕತ್ತಿ ಎತ್ತಿದ ಕೈ ತಡೆಯಲ್ಪಟ್ಟ ಮೇಲೆ ಅಬ್ರಹಾಮ ಕಣ್ಣೆತ್ತಿ ನೋಡುತ್ತಾನೆ. ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡ ಟಗರು ಕಾಣುತ್ತದೆ. ಅಲ್ಲಿಯೂ ಅದೇ ಧಾತು. ಆ ಸ್ಥಳಕ್ಕೆ ಅವನು ಇಟ್ಟ ಹೆಸರೇ ಯೆಹೋವ ಯೀರೆ. ಹಾಗಾಗಿ ಇದು ಮೊದಲು ಒಂದು ಜಾಗದ ಹೆಸರು. ಭಕ್ತರ ಬಾಯಲ್ಲಿ ಅದು ದೇವರ ಹೆಸರಾದದ್ದು ಆಮೇಲೆ.

ಅನುವಾದಕರು ಈ ಹೆಸರಿನೊಡನೆ ಬಗೆಬಗೆಯಾಗಿ ಏಗಿದ್ದಾರೆ. ಪ್ರಾಚೀನ ಗ್ರೀಕ್ ಅನುವಾದದಲ್ಲಿ ಅದು ‘ಕಂಡನು’ ಎಂದಾಯಿತು. ಜೆರೋಮನ ಲ್ಯಾಟಿನ್ನಿನಲ್ಲೂ ಲೂಥರನ ಜರ್ಮನಿನಲ್ಲೂ ‘ನೋಡುತ್ತಾನೆ’ ಎಂದಾಯಿತು. 1611ರ ಇಂಗ್ಲಿಷ್ ಬೈಬಲ್ ಹೀಬ್ರೂ ಹೆಸರನ್ನೇ ಉಳಿಸಿಕೊಂಡಿತು; ತಂದೆಯ ಉತ್ತರದಲ್ಲಿ ಮಾತ್ರ ‘ಪ್ರೊವೈಡ್’ ಎಂಬ ಕ್ರಿಯಾಪದವನ್ನು ಬಳಸಿತು. ಆ ಪದದ ಲ್ಯಾಟಿನ್ ಮೂಲವೂ ‘ಮುಂದಾಗಿ ನೋಡು’ ಎಂದೇ. ಇಂದಿನ ಇಂಗ್ಲಿಷ್ ಕಿವಿಗೆ ಅದರೊಳಗಿನ ನೋಟ ಕೇಳಿಸುವುದಿಲ್ಲ, ಅಷ್ಟೆ.

ಕನ್ನಡಕ್ಕೆ ಬೈಬಲ್ ಬಂದದ್ದು ಬಳ್ಳಾರಿಯಿಂದ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿ ನೆಲೆಸಿ ಅನುವಾದ ಕೈಗೊಂಡರು. ಅವರ ಸಹೋದ್ಯೋಗಿ ವಿಲಿಯಂ ರೀವ್ ರಚಿಸಿದ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಅಚ್ಚಾದದ್ದು ನಮ್ಮ ಈ ಮದರಾಸಿನಲ್ಲೇ. ಇಂದು ಬಳಕೆಯಲ್ಲಿರುವ ಕನ್ನಡ ಬೈಬಲ್ಲುಗಳಲ್ಲಿ ತಂದೆ ಮಗನಿಗೆ ಹೇಳುವ ಮಾತಿನಲ್ಲಿರುವ ಕ್ರಿಯಾಪದ ‘ಒದಗಿಸು’. ಒಳ್ಳೆಯ ಪದ, ‘ಆಪತ್ತಿಗೆ ಒದಗಿದ’ ಎನ್ನುವಾಗಿನ ಸಕಾಲದ ನೆರವು ಅದರಲ್ಲಿದೆ, ಆದರೆ ಕಣ್ಣು ಇಲ್ಲ. ತಮಿಳಿನ ಹಳೆಯ ಅನುವಾದ ಅದೇ ಕಡೆ ‘ಪಾರ್ತ್ತುಕ್ಕೊಳ್’ ಎಂದಿದೆ, ಎಂದರೆ ನೋಡಿಕೊಳ್ಳು. ಮಗುವನ್ನು ನೋಡಿಕೋ, ಮನೆ ಕಡೆ ನೋಡಿಕೊಳ್ಳಿ, ದೇವರು ನೋಡಿಕೊಳ್ಳುತ್ತಾನೆ ಎನ್ನುವ ನಮಗೆ ಇದು ಹೊಸತಲ್ಲ. ಲ್ಯಾಟಿನ್ನಿನ ನೆರವಿಲ್ಲದೆಯೇ ನೋಟವನ್ನೂ ಪೋಷಣೆಯನ್ನೂ ಒಂದೇ ಪದದಲ್ಲಿ ಹಿಡಿದಿಟ್ಟ ನುಡಿಗಟ್ಟು ಕನ್ನಡದಲ್ಲಿ ಮನೆಮಾತಾಗಿಯೇ ಇದೆ.

ಇದು ಬರಿಯ ಪದಜಿಜ್ಞಾಸೆಯಲ್ಲ. ನೋಡದೆಯೂ ಒದಗಿಸಬಹುದು ಎಂಬುದಕ್ಕೆ ಅದೇ ಬಳ್ಳಾರಿ ಸಾಕ್ಷಿ. ಆಗ ಮದರಾಸು ಪ್ರೆಸಿಡೆನ್ಸಿಗೆ ಸೇರಿದ್ದ ಆ ಜಿಲ್ಲೆ 1876–78ರ ಕ್ಷಾಮದಲ್ಲಿ ಅತಿ ಹೆಚ್ಚು ನೊಂದ ಪ್ರದೇಶಗಳಲ್ಲೊಂದು. 1877ರ ಆರಂಭದಲ್ಲಿ ವೈಸರಾಯ್ ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡು ಧಾನ್ಯ ಮತ್ತು ಅಲ್ಪ ನಗದಿಗೆ ಇಳಿಸಿದರು. ಒಂದು ಪೌಂಡು ಎಂದರೆ ಸುಮಾರು 450 ಗ್ರಾಂ. ಲೆಕ್ಕದ ಪ್ರಕಾರ ಸರ್ಕಾರ ಒದಗಿಸಿತ್ತು. ಮದರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಷ್ ಅದನ್ನು ಬಲವಾಗಿ ವಿರೋಧಿಸಿದರು: ದುಡಿಯುವ ದೇಹ ಇಷ್ಟರಲ್ಲಿ ಉಳಿಯಲಾರದು. ಕೆಲವು ತಿಂಗಳ ಬಳಿಕ ಮದರಾಸು ಸರ್ಕಾರ ಕೂಲಿಯನ್ನು ಏರಿಸಿತು. ಆ ತಿಂಗಳುಗಳಲ್ಲಿ ಹಸಿದವರು ಕಾಯಬೇಕಾಯಿತು. ಒಬ್ಬರು ದಾಸ್ತಾನನ್ನೂ ಖರ್ಚನ್ನೂ ಲೆಕ್ಕವಿಟ್ಟರು, ಇನ್ನೊಬ್ಬರು ದೇಹವನ್ನು ನೋಡಿದರು. ಕಡತಗಳ ನಡುವೆ ದುಡಿಯುವ ನನ್ನಂಥ ಸರ್ಕಾರಿ ನೌಕರರಿಗೆ ಈ ವ್ಯತ್ಯಾಸ ಹಳೆಯ ಕಾಲದ್ದೆನಿಸುವುದಿಲ್ಲ. ಮಂಜೂರಾತಿಯ ಆದೇಶಕ್ಕೆ ಸಹಿ ಬಿದ್ದೊಡನೆ ಕರ್ತವ್ಯ ಮುಗಿಯಿತೆಂಬ ಭಾವನೆ ಇಂದಿಗೂ ಎಷ್ಟು ಸುಲಭವಾಗಿ ಬರುತ್ತದೆ!

ಇದೇ ಧಾತುವಿನಿಂದ ದೇವರಿಗೆ ಹೆಸರಿಟ್ಟ ಇನ್ನೊಬ್ಬಳು ಆದಿಕಾಂಡದಲ್ಲಿದ್ದಾಳೆ, ಅಬ್ರಹಾಮನಿಗಿಂತಲೂ ಮೊದಲೇ. ಅವನ ಮನೆಯ ದಾಸಿ, ಈಜಿಪ್ಟಿನ ಹಾಗರಳು. ಯಜಮಾನಿಯ ಕಾಟ ತಾಳಲಾರದೆ ಗರ್ಭಿಣಿಯಾಗಿ ಅರಣ್ಯಕ್ಕೆ ಓಡಿದಾಗ ಅವಳು ದೇವರನ್ನು ‘ಏಲ್ ರೋಯೀ’, ಎಂದರೆ ನೋಡುವ ದೇವರು ಎಂದು ಕರೆದಳು. ಮುಂದೆ ಮಗನೊಡನೆ ಮನೆಯಿಂದಲೇ ಹೊರಹಾಕಲ್ಪಟ್ಟು ನೀರು ಮುಗಿದಾಗ, ಮಗು ಸಾಯುವುದನ್ನು ನೋಡಲಾರೆನೆಂದು ಅವಳು ದೂರ ಹೋಗಿ ಕೂತಳು. ಆಗ ದೇವರು ಅವಳ ಕಣ್ಣು ತೆರೆಸಿದನು, ಅವಳಿಗೆ ಬಾವಿ ಕಂಡಿತು ಎನ್ನುತ್ತದೆ ಕಥೆ. ಬಾವಿಯನ್ನು ಹೊಸದಾಗಿ ಸೃಷ್ಟಿಸಿದನೆಂದು ಅಲ್ಲಿ ಹೇಳಿಲ್ಲ. ತಾನು ಕಂಡವಳಿಗೆ ಕಾಣುವ ಹಾಗೆ ಮಾಡಿದ್ದೇ ಅವನು ನೋಡಿಕೊಂಡ ಬಗೆ. ಅವಳು ತಿತ್ತಿ ತುಂಬಿಸಿ ಹುಡುಗನಿಗೆ ನೀರು ಕುಡಿಸಿದಳು.